ಚಾಂದನಿ ಹೋದ ಮೇಲೆ
ಸವಣೂರಿನ ದಿಲಾವರನ ಮನೆತನದವರೆಲ್ಲ ಕುದುರೆ ಪಳಗಿಸಿಯೇ ಬದುಕಿದವರು. ಅವನೂ ದೂರದ ರೇಸ್‌ಕೋರ್ಸೊಂದರಲ್ಲಿ ತರಬೇತುದಾರನಾದ. ಮರಿಯಾಗಿದ್ದಾಗಿನಿಂದ ಅವನೇ ತಿದ್ದಿದ ಚಾಂದನಿ ಎಂಬ ಹೆಣ್ಣುಕುದುರೆ ಹೋದ ವರ್ಷ ಓಟದ ತಿರುವಿನಲ್ಲಿ ಮುಗ್ಗರಿಸಿ ಮುಂಗಾಲು ಮುರಿದುಕೊಂಡಿತು. ಮೂಳೆ ಕೂಡುವಂತಿರಲಿಲ್ಲ. ಡಾಕ್ಟರು ಪ್ರಾಣ ತೆಗೆಯುವ ಚುಚ್ಚುಮದ್ದು ಕೊಡುವಾಗ ದಿಲಾವರ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

ಊರಿಗೆ ಬಂದಾಗ ಅಪ್ಪ ಹುಸೇನಸಾಬರು ಒಂದೇ ಮಾತು ಕೇಳಿದರು. “ಕಡೀಕ ಅದು ಯಾರ ಮಾರಿ ನೋಡ್ತು?”

“ನಂದು, ಅಪ್ಪಾ. ನಾ ಎಬ್ಬಸ್ತೇನಿ ಅಂತ ತಿಳಕೊಂಡಿತ್ತು.”

ಮುದುಕರು ಮುಖ ಆಚೆ ತಿರುಗಿಸಿದರು.

ತಿಂಗಳಾದ ಮೇಲೆ ದಿಲಾವರ ಲಾಯಕ್ಕೆ ಮರಳಿದ. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಅವನ ಕುದುರೆಗಳು ಈಗಲೂ ಗೆಲ್ಲುತ್ತವೆ. ಆದರೆ ಯಾವುದನ್ನೂ ಅವನು ಹೆಸರು ಹಿಡಿದು ಕರೆಯುವುದಿಲ್ಲ.