ಮಾವನ ಸಿಗಾರು, ನನ್ನ ಪೆಟ್ಟಿಗೆ

ನನ್ನ ಮಾವ ಸಿಗಾರು ಹಚ್ಚೋಕೆ ಮುಂಚೆ ಅದನ್ನ ಕಿವಿ ಹತ್ತಿರ ಹಿಡಿದು ಬೆರಳಲ್ಲಿ ಉರುಳಿಸ್ತಿದ್ದ. ಸದ್ದು ಬರಲಿಲ್ಲ ಅಂದ್ರೆ ಎಲೆ ಮೆತ್ತಗಿದೆ ಅಂತ. ಚರಚರ ಅಂದ್ರೆ ಒಣಗಿದೆ ಅಂತ. ಒಣಗಿದ್ರೆ ನಮ್ಮತ್ತೆಗೆ ಏಟು. ಹಲಸೂರಿನ ಆ ಮನೆಗೆ ಸೊಸೆಯಾಗಿ ಹೋದ ಮೇಲೆ ನಾನು ಮೊದಲು ಕಲಿತದ್ದೇ ಇದು. ಅವನು ಸಿಗಾರು ಕಿವಿಗೆ ಹಿಡಿದ ಅಂದ್ರೆ ಅಡುಗೆಮನೇಲಿ ಅತ್ತೆಯ ಸೌಟು ನಿಂತು ಹೋಗ್ತಿತ್ತು.

ಮಾವನಿಗೆ ಏಕವಚನವಾ ಅಂತ ಕೇಳ್ಬೇಡಿ. ಅವನು ಬದುಕಿದ್ದಾಗ ಎದುರಿಗೆ ಬನ್ನಿ ಹೋಗಿ ಅಂದು ಅಂದು ನನ್ನ ನಾಲಿಗೆ ಸವೆದಿದೆ. ಈಗ ನನಗೂ ವಯಸ್ಸಾಯ್ತು, ಇನ್ಯಾರಿಗೆ ಹೆದರಲಿ?

ಅವನು ಪಲ್ಟನ್ನಿನಲ್ಲಿ ಹವಾಲ್ದಾರನಾಗಿದ್ದು ಪಿಂಚಣಿ ತಗೊಂಡವನು. ಅದಕ್ಕೂ ಮುಂಚೆ ಒಬ್ಬ ಬಿಳಿ ಸಾಹೇಬನ ಆರ್ಡರ್ಲಿಯಾಗಿದ್ದ. ಸಾಹೇಬನ ಬೂಟು ಉಜ್ಜಿ ಉಜ್ಜಿ ಅವನ ಸಿಗಾರಿನ ಚಟ ಅಂಟಿಸ್ಕೊಂಡು ಬಂದಿದ್ದ. ನಮ್ಮ ಬೀದಿಯ ಗಂಡಸರು ಬೀಡಿ ಸೇದೋರು, ಕೆಲವು ಮುದುಕಿಯರು ಚುಟ್ಟ ಸೇದೋರು. ಇವನಿಗೆ ಮಾತ್ರ ತಿರುಚಿನಾಪಳ್ಳಿಯಿಂದ ಬರೋ ಉದ್ದನೆ ಸಿಗಾರೇ ಆಗಬೇಕು. ಒಂದ್ಸಲ ನಾನು ತಿಳೀದೆ ಚುಟ್ಟ ಅಂದುಬಿಟ್ಟೆ. "ಚುಟ್ಟ ಸೇದೋನು ನಿಮ್ಮಪ್ಪ. ಇದು ಸಿಗಾರ್!" ಅಂತ ಮೈಮೇಲೆ ಬಂದ. ನಮ್ಮಪ್ಪ ಪಾಪ, ಏನೂ ಸೇದ್ತಿರಲಿಲ್ಲ.

ಯುದ್ಧ ನಡೀತಿದ್ದ ಕಾಲ ಅದು. ರೈಲಿನ ತುಂಬಾ ಸೋಲ್ಜರುಗಳು, ಸಾಮಾನು ಬಂದಾಗ ಬಂತು, ಇಲ್ಲದಿದ್ರೆ ಇಲ್ಲ. ಅದಕ್ಕೇ ಸಿಕ್ಕಾಗ ದೊಡ್ಡದೊಂದು ಕಟ್ಟು ತಂದು ಗೋಡೆಗೂಡಿನಲ್ಲಿ ಇಡ್ತಿದ್ದ. ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರಿನ ಗಾಳಿ ಹೇಗಿರುತ್ತೆ ಗೊತ್ತಲ್ಲ, ತುಟಿ ಒಡೆಯುತ್ತೆ, ಹಿಮ್ಮಡಿ ಸೀಳುತ್ತೆ. ಇನ್ನು ಆ ಎಲೆ ಉಳಿಯುತ್ತಾ? ಜೋಪಾನ ಮಾಡೋದು ಹೆಂಡತಿ ಕೆಲಸ ಅನ್ನೋದು ಅವನ ಕಾನೂನು. ಒಣಗಿದ್ರೆ ಸೊಂಟದ ಬೆಲ್ಟು ಬಿಚ್ಚಿ, ಹಿತ್ತಾಳೆ ಬಕಲ್ ಇರೋ ತುದಿ ಹೊರಗೆ ಮಾಡಿ, ಬೀಸಿ ಬೀಸಿ ಹೊಡೀತಿದ್ದ. ನನ್ನನ್ನ ಮುಟ್ಟುತ್ತಿರಲಿಲ್ಲ, ಮುಟ್ಟಿದ್ರೆ ಕೃಷ್ಣರಾಜಪುರದಲ್ಲಿ ಗಾಡಿ ಹೊಡೆಯೋ ನನ್ನ ಅಣ್ಣಂದಿರು ಬಂದುಬಿಡ್ತಾರೆ ಅನ್ನೋ ಭಯ. ಅತ್ತೆಗೆ ಅಣ್ಣ ತಮ್ಮ ಅಂತ ಯಾರೂ ಇರಲಿಲ್ಲ.

ನಮ್ಮನೆಯವರು ವಿಮಾನದ ಕಾರ್ಖಾನೇಲಿ ಕೆಲಸಕ್ಕಿದ್ರು. ಒಳ್ಳೆಯವರೇ. ಆದರೆ ಅಪ್ಪ ಬೆಲ್ಟು ಬಿಚ್ಚಿದ್ರೆ ಸಾಕು, ಚಪ್ಪಲಿ ಮೆಟ್ಕೊಂಡು ಬೀದಿಗಿಳಿಯೋರು. ಹೆತ್ತ ತಾಯಿ ಕಣ್ರೀ ಅಂದ್ರೆ, "ಅಪ್ಪ ಮೊದಲಿಂದಾನೂ ಹಂಗೇ" ಅನ್ನೋರು. ಇದೂ ಒಂದು ಉತ್ತರವಾ?

ಅತ್ತೆಯ ಎಡತೋಳಿನ ಮೇಲೆ ದುಂಡು ದುಂಡು ಕಲೆಗಳಿದ್ವು. ಸಿಡುಬಿಗೆ ಚುಚ್ಚಿಸ್ಕೊಂಡ ಗುರುತು ಅಂದ್ಕೊಂಡಿದ್ದೆ. ಒಂದು ದಿನ ಎಣ್ಣೆ ಹಚ್ಚುವಾಗ "ಇಷ್ಟೊಂದು ಚುಚ್ಚಿಸ್ಕೊಂಡಿದ್ದೀರಾ ಅತ್ತೆ?" ಅಂತ ಬೆಪ್ಪಿ ಹಾಗೆ ಕೇಳಿದೆ. "ಹೂಂ ಕಣೆ, ನಿಮ್ಮಾವನೇ ಡಾಕ್ಟ್ರು" ಅಂದು ನಕ್ಕರು. ಅರ್ಥವಾಗೋಕೆ ನನಗೆ ಒಂದು ಗಳಿಗೆ ಬೇಕಾಯ್ತು. ಒಂದೊಂದು ಕಲೆಯೂ ಸರಿಯಾಗಿ ಸಿಗಾರಿನ ತುದಿಯಷ್ಟೇ ಅಗಲ ಇತ್ತು.

ಆಗ ನನಗನ್ನಿಸಿದ್ದು ಇಷ್ಟೇ. ಸಿಗಾರು ಒಣಗದಿದ್ರೆ ಏಟು ಬೀಳಲ್ಲ. ಎಷ್ಟು ಸುಲಭದ ಲೆಕ್ಕ ನೋಡಿ! ವೀಳ್ಯದೆಲೆಯನ್ನ ಹೇಗೆ ಕಾಪಾಡ್ತೀವೋ ಹಾಗೇ ಮಾಡಿದ್ರಾಯ್ತು ಅಂತ ಆ ಕಟ್ಟನ್ನ ಒದ್ದೆ ಬಟ್ಟೇಲಿ ಸುತ್ತಿ, ಮೇಲೆ ಬಾಳೆ ಎಲೆ ಕಟ್ಟಿ, ಮಡಕೇಲಿಟ್ಟು ತಣ್ಣಗಿನ ಮೂಲೆಗೆ ಸರಿಸಿದೆ. ಎಲೆ ಅಂದ ಮೇಲೆ ಎಲ್ಲಾ ಎಲೇನೂ ಒಂದೇ ಅಂದ್ಕೊಂಡಿದ್ದೆ. ವಾರ ಕಳೆದು ಬಿಚ್ಚಿದ್ರೆ, ಅಯ್ಯೋ ನನ್ನ ಗ್ರಹಚಾರವೇ, ಸಿಗಾರಿನ ಮೈತುಂಬಾ ಬೆಳ್ಳಗೆ ಬೂಷ್ಟು!

ಅವನು ಬೂಷ್ಟು ಹಿಡಿದ ಒಂದು ಸಿಗಾರನ್ನ ಅತ್ತೆಯ ಬಾಯಿಗೆ ತುರುಕಿದ. "ತಿನ್ನು, ತಿನ್ನು" ಅಂತ ಗದ್ದ ಹಿಡಿದು ಅದುಮಿದ. ನಾನು ಮಾಡಿದ್ದು ಮಾವ, ನಾನು ಮಾಡಿದ್ದು ಅಂತ ಕೂಗ್ತಾನೇ ಇದ್ದೆ. ಕೇಳಿಸ್ಕೊಂಡವರು ಯಾರು? ಬೆಲ್ಟು ಬೀಸಿದ, ಬಕಲ್ ನೇರ ಹೋಗಿ ಎಡಗಣ್ಣಿನ ಹುಬ್ಬಿಗೆ ಬಡೀತು. ಹುಬ್ಬು ಸೀಳಿ ರಕ್ತ ಕೆನ್ನೆ ಮೇಲೆಲ್ಲಾ ಹರಿದು ಸೆರಗು ನೆಂದು ಹೋಯ್ತು. ಆಸ್ಪತ್ರೆಗೆ ಕರ್ಕೊಂಡು ಹೋದವಳು ನಾನೇ. ನಲ್ಲಿ ಹತ್ತಿರ ಜಾರಿ ಬಿದ್ದೆ ಅಂದ್ರು ಅತ್ತೆ. ಡಾಕ್ಟರು ಅತ್ತೆ ಮುಖ ನೋಡಿದ್ರು, ನನ್ನ ಮುಖ ನೋಡಿದ್ರು. "ಇನ್ನೊಂದ್ಸಲ ಇದೇ ಜಾಗಕ್ಕೆ ಪೆಟ್ಟಾದ್ರೆ ಈ ಕಣ್ಣು ಹೋಯ್ತು ಅಂತ ತಿಳ್ಕೊಳ್ಳಿ. ಆ ನಲ್ಲಿಗೂ ಹೇಳಿ" ಅಂದ್ರು.

ನನ್ನಿಂದ ಆಯ್ತು ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ. ಬೂಷ್ಟು ನನ್ನದು, ಬೆಲ್ಟು ಅವನದು.

ಆದರೆ ಆ ಕಣ್ಣು ಉಳಿಸಲೇಬೇಕು ಅಂತ ಹಟ ಬಂತು. ಈಗ ಶಿವಾಜಿನಗರ ಅಂತೀರಲ್ಲ, ಆಗ ಬ್ಲ್ಯಾಕ್‌ಪಲ್ಲಿ, ಅಲ್ಲಿನ ಗುಜರಿಗೆ ಹೋದೆ. ಮಿಲಿಟರಿಯ ಹಳೇ ಸಾಮಾನೆಲ್ಲಾ ಅಲ್ಲಿಗೆ ಬಂದು ಬೀಳ್ತಿತ್ತು. ಬಂದೂಕಿನ ತೋಟಾ ತುಂಬೋ ಒಂದು ಮರದ ಪೆಟ್ಟಿಗೆ ಕಣ್ಣಿಗೆ ಬಿತ್ತು. ಒಳಗೆಲ್ಲಾ ತಗಡು ಹೊದಿಸಿದ್ರು, ಸಿಡಿಮದ್ದಿಗೆ ಗಾಳಿ ತಾಗಬಾರದಲ್ಲ. ಗಾಳಿ ತಾಗಬಾರದು ಅನ್ನೋದೇ ನನಗೂ ಬೇಕಾಗಿತ್ತು. ಅಂಗಡಿಯ ಸಾಬರು ಗಡ್ಡ ನೀವಿಕೊಂಡು, "ಏನು ಬೇಟಿ, ಇದ್ರಲ್ಲಿ ಯಾರನ್ನ ಹೂಳ್ತೀಯಾ?" ಅಂದ್ರು. "ಇನ್ನೂ ಯೋಚನೆ ಮಾಡಿಲ್ಲ ಚಾಚಾ" ಅಂದೆ. ಮುಚ್ಚಳ ಕೊಂಚ ಎದ್ದಿತ್ತು. ಬಿಗಿಯಾಗಿ ಕೂರಲಿ ಅಂತ ಅವರ ಕೈಲೇ ಅದರ ಅಂಚಿಗೆ ಸುತ್ತಲೂ ದಪ್ಪನೆ ಕಬ್ಬಿಣದ ಪಟ್ಟಿ ಹೊಡೆಸಿದೆ. ಆಮೇಲೆ ಆ ಮುಚ್ಚಳ ಎತ್ತೋಕೆ ನನಗೆ ಎರಡು ಕೈ ಬೇಕಾಯ್ತು.

ಮನೆಗೆ ತಂದು ಬೂದಿ ಹಾಕಿ ಉಜ್ಜಿದೆ, ಸೀಗೆಪುಡಿ ಹಾಕಿ ಉಜ್ಜಿದೆ, ಮದ್ದಿನ ವಾಸನೆ ಹೋಗೋವರೆಗೂ ಬಿಸಿಲಿಗಿಟ್ಟೆ. ತಗಡಿನ ಮೇಲೆ ನೀರು ಬೆವರಿ ಎಲೆಗೆ ತಾಗಬಾರದು ಅಂತ ಮುರಿದ ಟೀ ಪೆಟ್ಟಿಗೆಯ ತೆಳು ಹಲಗೆ ಕುಯ್ದು ಒಳಗೆ ಹಾಸಿದೆ. ಬಾಯಿ ಸುತ್ತ ಹಳೇ ಕಂಬಳಿಯ ಅಂಚು ಅಂಟಿಸಿದೆ. ಇಷ್ಟೆಲ್ಲಾ ಸರಿ, ತೇವ ಬೇಕು, ಬೂಷ್ಟು ಬೇಡ, ಅದಕ್ಕೇನು ಮಾಡೋದು? ಅಡುಗೆಮನೇಲಿ ಉಪ್ಪಿನಕಾಯಿ ಜಾಡಿ ಕಣ್ಣೆದುರಿಗೇ ಇತ್ತು. ಬೂಷ್ಟು ಬರದಿರಲಿ ಅಂತ ತಾನೇ ನಾವು ಅದಕ್ಕೆ ಅಷ್ಟು ಉಪ್ಪು ಸುರಿಯೋದು? ಒಂದು ಹಣತೆ ತುಂಬಾ ಹರಳುಪ್ಪು ಹಾಕಿ, ನೀರು ಚಿಮುಕಿಸಿ ಕೆಸರಿನ ಹದ ಮಾಡಿ, ಮೇಲೆ ಮಲ್ಲು ಬಟ್ಟೆ ಕಟ್ಟಿ ಮೂಲೇಲಿಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ನೋಡ್ತಿದ್ರು. ಹುಬ್ಬಿನ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. "ಸಾಕು ಬಿಡು ಮಗ, ನಿನಗ್ಯಾಕೆ ಈ ಕರ್ಮ" ಅಂದ್ರು.

ಹೊಸ ಕಟ್ಟು ಬಂತು, ಹಜಾರದಲ್ಲಿಟ್ಟ ಪೆಟ್ಟಿಗೆಗೆ ಹೋಯ್ತು. ಶಿವರಾತ್ರಿ ಕಳೆದು ಗಾಳಿ ಇನ್ನೂ ಒಣಗಿದ್ದಾಗ ಒಂದು ಬೆಳಗ್ಗೆ ಅವನು ಮುಚ್ಚಳ ಎತ್ತಿ ಒಂದನ್ನ ತೆಗೆದು ಕಿವಿಗೆ ಹಿಡಿದ. ಅತ್ತೆ ಸೌಟು ನಿಂತಿತು. ಬೆರಳಲ್ಲಿ ಉರುಳಿಸಿದ, ಇನ್ನೊಂದ್ಸಲ ಉರುಳಿಸಿದ. ಸದ್ದೇ ಇಲ್ಲ! ಮೂಗಿಗೆ ಹಿಡಿದು ಮೂಸಿ "ಭೇಷ್" ಅಂದ. ನನಗೆ ಕುಣಿಯೋಷ್ಟು ಖುಷಿಯಾಯ್ತು, ಒಳಗೆ ಹೋಗಿ ಅತ್ತೆ ಕೈ ಹಿಡಿದು ಅಮುಕಿದೆ.

ಆಮೇಲೆ ಬೇಸಿಗೆ ಪೂರ್ತಿ ನೆಮ್ಮದಿ. ಅತ್ತೆಯ ಹುಬ್ಬು ಮಾಗಿತು. ಸೋಮೇಶ್ವರನ ಗುಡಿಗೆ ಇಬ್ಬರೂ ಹೋಗಿ ಬಂದ್ವಿ. ಮಾವ ಬಂದವರಿಗೆಲ್ಲಾ ಪೆಟ್ಟಿಗೆ ತೋರಿಸಿ ಮೆರೀತಿದ್ದ, ತಾನೇ ಮಾಡಿದ ಹಾಗೆ. ಒಂದು ದಿನ ನೋಡ್ತೀನಿ, ಬೆಲ್ಟನ್ನ ಸುರುಳಿ ಸುತ್ತಿ ಸಿಗಾರುಗಳ ಪಕ್ಕ ಇಡ್ತಿದ್ದಾನೆ. ಆ ಹೊತ್ತಿಗೆ ಮನೇಲಿ ಪಂಚೆ ಉಡೋಕೆ ಶುರುಮಾಡಿದ್ದ.

"ಬಿಸಿಲಿಗೆ ಚರ್ಮ ಬಿರುಕು ಬಿಡ್ತಾ ಇತ್ತಮ್ಮಾ. ನಿನ್ನ ಪೆಟ್ಟಿಗೇಲಿ ಬೆಣ್ಣೆ ಹಾಗೆ ಮೆತ್ತಗಿರುತ್ತೆ" ಅಂದ. ನನ್ನನ್ನ ಹೊಗಳಿದ್ದು ಅದು.

ಅತ್ತೆ ಕಣ್ಣು ಉಳಿಸೋಕೆ ಅಂತ ಮಾಡಿದ್ದರಲ್ಲಿ ಅವನು ಆ ಹಾಳು ಬೆಲ್ಟನ್ನ ಸಾಕ್ತಾ ಇದ್ದಾನೆ! ಸಿಗಾರು ಒಣಗಿದ್ದಕ್ಕೆ ಹೊಡೀತಾನೆ ಅಂತ ನಂಬಿದ್ದೆನಲ್ಲ, ಎಂಥಾ ಪೆದ್ದಿ ನಾನು. ಅವನಿಗೆ ಹೊಡೆಯೋದು ಬೇಕಾಗಿತ್ತು, ಅಷ್ಟೇ.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಭಾನುವಾರ. ನಾನೂ ಅತ್ತೆಯೂ ಅಡುಗೆಮನೇಲಿ ಹುರುಳಿಕಾಯಿ ನಾರು ತೆಗೀತಾ ಕೂತಿದ್ವಿ. ನಾನು ಒಂದು ಹುರುಳಿಕಾಯಿ ತುಟಿಗಿಟ್ಟು, ಕತ್ತು ಕೊಂಕಿಸಿ, "ಇದು ಸಿಗಾರ್!" ಅಂತ ಅವನ ಹಾಗೇ ಅಂದೆ. ಅತ್ತೆ ಗಟ್ಟಿಯಾಗಿ ನಕ್ಕುಬಿಟ್ರು. ಅವರು ಬಾಯಿಬಿಟ್ಟು ನಕ್ಕಿದ್ದನ್ನ ನಾನು ಅವತ್ತೇ ಮೊದಲು ಕೇಳಿದ್ದು.

"ಯಾರನ್ನ ನೋಡಿ ನಗ್ತಿದ್ದೀಯೇ? ಬಾ ಇಲ್ಲಿ!" ಅಂತ ಹಜಾರದಿಂದ ಕೂಗಿದ.

ಅತ್ತೆ ಎದ್ದು ಹೋದ್ರು, ಮುಷ್ಟೀಲಿ ಹುರುಳಿಕಾಯಿ ಹಾಗೇ ಇತ್ತು. ಅವನ ಬಾಯಲ್ಲಿ ಸಿಗಾರು ಹೊಗೆಯಾಡ್ತಿತ್ತು, ಅದಕ್ಕೇನೂ ಆಗಿರಲಿಲ್ಲ, ಚೆನ್ನಾಗೇ ಇತ್ತು. ಎಡಗೈಯಿಂದ ಅತ್ತೆಯ ತುರುಬು ಹಿಡಿದು ಎಳೆದ. ಬಲಗೈಯಲ್ಲಿ ಮುಚ್ಚಳ ಎತ್ತಿ, ಅದನ್ನ ತಲೆಗೆ ಆನಿಸ್ಕೊಂಡು, ಬೆಲ್ಟಿಗಾಗಿ ಒಳಗೆ ತಡಕಾಡಿದ. ನಮ್ಮನೆಯವರು ಆಗಲೇ ಚಪ್ಪಲಿ ಮೆಟ್ತಿದ್ರು. ಬೆಲ್ಟು ಹಿಡಿದು ಕೈ ಮೇಲೆ ತರ್ತಾ ಇದ್ದ, ತಲೆ ಹಿಂದಕ್ಕೆ ಸರೀತು, ಕೈ ಇನ್ನೂ ಪೆಟ್ಟಿಗೆಯ ಅಂಚಿನಲ್ಲೇ ಇತ್ತು.

ನನಗೆ ಪಿತ್ತ ನೆತ್ತಿಗೇರಿತು. ಓಡಿದೆ. ಎರಡೂ ಕೈಯಲ್ಲಿ ಮುಚ್ಚಳ ಹಿಡಿದು ಇದ್ದಬದ್ದ ಶಕ್ತಿಯೆಲ್ಲಾ ಹಾಕಿ ಕೆಳಗೆ ಬಡಿದೆ. ಲಟಕ್ ಅಂತು, ಸೌದೆ ಮುರಿದ ಹಾಗೆ. ಅವನು ಬಿದ್ದು ಹೊರಳಾಡೋಕೂ ಆಗದೆ ಅರಚಿದ. ನಾನು ಆ ಮುಚ್ಚಳದ ಮೇಲೆ ಹತ್ತಿ ಕೂತೆ.

"ಏಳೇ! ಕೈ ಮುರೀತು, ಏಳೇ!" ಅಂತ ನಮ್ಮನೆಯವರು ಬಾಗಿಲಿಂದ ಓಡಿ ಬಂದ್ರು. ನಾನು ಅತ್ತೆ ಮುಖ ನೋಡಿದೆ. ತುರುಬು ಬಿಚ್ಚಿ ಕೂದಲು ಮುಖದ ಮೇಲೆ ಬಿದ್ದಿತ್ತು.

"ಕೂತಿರು ಮಗ" ಅಂದ್ರು.

ಕೂತೆ. ಅವನ ಬಾಯಿಂದ ಜಾರಿದ ಸಿಗಾರು ನೆಲದ ಮೇಲೆ ಉರೀತಾ ಬಿದ್ದಿತ್ತು. ಅತ್ತೆ ಬಗ್ಗಿ ಅದನ್ನ ಎತ್ತಿಕೊಂಡ್ರು. ಕೆಂಡವನ್ನ ಒಂದು ಕ್ಷಣ ನೋಡಿ, ಆಮೇಲೆ ಪೆಟ್ಟಿಗೇಲಿ ಸಿಕ್ಕಿಕೊಂಡಿದ್ದ ಅವನ ತೋಳು ನೋಡಿದ್ರು. ಅವನೂ ನೋಡಿದ. ಅರಚೋದು ನಿಂತು ಹೋಯ್ತು, "ಬೇಡ, ಬೇಡ" ಅಂದ. ಮುಖದಲ್ಲಿ ಬೆವರು ಕಿತ್ತುಕೊಂಡು ಬಂತು. ನಾನಾಗಿದ್ರೆ ಚುಚ್ಚಿಯೇ ಬಿಡ್ತಿದ್ದೆ, ದೇವರಾಣೆಗೂ! ಅತ್ತೆ ಒಳಗೆ ಹೋಗಿ ಹುರುಳಿಕಾಯಿ ತೊಳೆದ ನೀರಿನಲ್ಲಿ ಅದನ್ನ ಅದ್ದಿ ಆರಿಸಿದ್ರು. ಬಂದು, "ಈಗ ಏಳು" ಅಂದ್ರು.

ಅದೇ ಆಸ್ಪತ್ರೆಗೆ ನಮ್ಮನೆಯವರು ಕರ್ಕೊಂಡು ಹೋದ್ರು. ಪೆಟ್ಟಿಗೆ ಮುಚ್ಚಳ ಬಿತ್ತು ಅಂತ ಮಾವ ತಾನೇ ಹೇಳಿದನಂತೆ. ಸೊಸೆ ಕೈ ಮುರಿದಳು ಅಂತ ಹವಾಲ್ದಾರ ಯಾವ ಬಾಯಲ್ಲಿ ಹೇಳ್ತಾನೆ? ಬೆರಳುಗಳು ಸೊಟ್ಟಗೆ ಕೂಡಿಕೊಂಡವು, ಮುಷ್ಟಿ ಕಟ್ಟೋಕೆ ಬರಲಿಲ್ಲ. ಒಂದ್ಸಲ ಎಡಗೈ ಎತ್ತಿ ನೋಡಿದ. ಅತ್ತೆ ಕದಲಲಿಲ್ಲ, ನಾನು ಎದ್ದು ಹೋಗಿ ಪೆಟ್ಟಿಗೆ ಪಕ್ಕ ನಿಂತೆ. ಕೈ ಕೆಳಗಿಳೀತು. ಬೆಲ್ಟನ್ನ ಬಾವಿ ಹಗ್ಗಕ್ಕೆ ಜೋಡಿಸಿ ಕಟ್ಟಿದೆ, ಬಹಳ ದಿನ ಬಾಳಿಕೆ ಬಂತು.

ಸಿಗಾರಿನ ಚಟ ಮಾತ್ರ ಅವನನ್ನ ಬಿಡಲಿಲ್ಲ. ಆದರೆ ಪೆಟ್ಟಿಗೇಲಿ ಈಗ ಅತ್ತೆಯ ಹಪ್ಪಳ ಇರ್ತಿತ್ತು, ಉಪ್ಪಿನ ಹಣತೆ ಹೊರಗೆ ಬಂದಿತ್ತು. ಹೊಸ ಕಟ್ಟು ಬಂದ್ರೆ ಅತ್ತೆ ಅದನ್ನ ಮಾಳಿಗೆಗೆ ಒಯ್ದು, ಸಂಡಿಗೆ ಪಕ್ಕದಲ್ಲೇ ಹಳೇ ಸೀರೆ ಹಾಸಿ, ಒಂದೊಂದನ್ನೇ ಬಿಡಿಸಿ ಬಿಸಿಲಿಗೆ ಹರಡ್ತಿದ್ರು. ಮಧ್ಯಾಹ್ನ ಮಗ್ಗುಲು ಬೇರೆ ಬದಲಿಸೋರು.

ಸಂಜೆ ಒಂದನ್ನ ತಂದು ಅವನ ಎಡಗೈಗೆ ಕೊಡೋರು. ಅವನು ಹಳೇ ಅಭ್ಯಾಸದಲ್ಲಿ ಕಿವಿಗೆ ಹಿಡಿದು ಉರುಳಿಸ್ತಿದ್ದ. ಚರಚರ ಅನ್ನೋದು ಅಡುಗೆಮನೇಲಿದ್ದ ನನಗೂ ಕೇಳಿಸ್ತಿತ್ತು. ತಲೆ ಎತ್ತಿ ನೋಡ್ತಿದ್ದ. ಅತ್ತೆ ಎದುರಿಗೇ ನಿಂತು, ಎರಡೂ ಕಣ್ಣು ಅಗಲ ಬಿಟ್ಟು, ಅವನನ್ನೇ ನೋಡ್ತಿದ್ರು. ಆಮೇಲೆ ಕಡ್ಡಿ ಗೀರಿ ಮುಂದೆ ಹಿಡಿದು "ಹಚ್ಕೊಳ್ಳಿ" ಅನ್ನೋರು. ಅವನು ತಲೆ ತಗ್ಗಿಸಿ ಹಚ್ಕೊಳ್ತಿದ್ದ.