ಬಾರದ ದಿನಕ್ಕೆ ಕಾದದ್ದು

ತಿಂಗಳ ಮುಟ್ಟನ್ನು ನಾನು ವರ್ಷಗಟ್ಟಲೆ ಶಪಿಸಿದ್ದೇನೆ. ಒಂದೇ ಒಂದು ತಿಂಗಳು ಮಾತ್ರ, ಚೀಲ ಕಟ್ಟಿಟ್ಟುಕೊಂಡು, ದೂರದ ನೆಂಟರನ್ನು ಎದುರು ನೋಡುವ ಹಾಗೆ ಅದಕ್ಕಾಗಿ ಕಾದಿದ್ದೆ. ಮೊನ್ನೆ ಹೊನ್ನಾಳಿಯ ನಾದಿನಿಯ ಮಗಳು ಫೋನು ಮಾಡಿದಾಗ ಅದೆಲ್ಲ ನೆನಪಾಯಿತು. ಲ್ಯಾಬಿನಲ್ಲಿ ಬೆಳೆಸಿದ ಭ್ರೂಣವನ್ನು ಅವಳ ಗರ್ಭದೊಳಗೆ ಇಡುವ ಮೊದಲು ಅಲ್ಲಿನ ಒಳಪದರ ಹದವಾಗಿದೆಯೇ ಎಂದು ಸ್ಕ್ಯಾನಿನಲ್ಲಿ ನೋಡುತ್ತಾರಂತೆ. ನನ್ನದನ್ನೂ ನೋಡಿದ್ದರು ಕಣೇ ಎಂದರೆ ಅವಳು ನಂಬಲೇ ಇಲ್ಲ.

ಅದು ಎಂಬತ್ತರ ದಶಕದ ಶುರು. ನನ್ನ ಗಂಡ ಚನ್ನಗಿರಿಯಲ್ಲಿ ಟೈಲರು. ಮಕ್ಕಳಾಗಲೆಂದು ಮಾಡಿದ ಹರಕೆ, ಉಪವಾಸಗಳೆಲ್ಲ ಮುಗಿದ ಮೇಲೆ ಜಗಳೂರು ಕಡೆಯವರಾದ ನನ್ನ ಅತ್ತೆಯೇ ಒಂದು ದಿನ, "ದೇವ್ರಿಗೆ ಹೇಳಿದ್ದಾತು, ಇನ್ನು ಡಾಕ್ಟ್ರಿಗೂ ಒಂದು ಮಾತು ಹೇಳಾಣ ನಡಿ" ಎಂದು ನಮ್ಮಿಬ್ಬರನ್ನೂ ದಾವಣಗೆರೆ ಬಸ್ಸಿಗೆ ಹತ್ತಿಸಿ, ತಾವೂ ಹತ್ತಿದರು.

ಗರ್ಭಕೋಶದೊಳಗೆ ತಿಂಗಳು ತಿಂಗಳೂ ಒಂದು ಪದರ ಬೆಳೆಯುತ್ತದೆ, ಮಗು ಬಂದು ಅಂಟಿಕೊಳ್ಳುವುದು ಅದಕ್ಕೇ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು ಡಾಕ್ಟರಮ್ಮ. ಅಲ್ಲಿಯವರೆಗೆ ಸಂಕೋಚದಿಂದ ಗೋಡೆ ನೋಡುತ್ತಿದ್ದ ನನ್ನ ಗಂಡ, "ಲೈನಿಂಗ್" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನೆಟ್ಟಗೆ ಕೂತರು. "ಅಸ್ತರ್ ಅನ್ರಿ ಮೇಡಂ. ಕೋಟು ಹೊಲಿಯಾಕೂ ಅದೇ ಮುಖ್ಯ" ಎಂದರು. ಡಾಕ್ಟರಮ್ಮ ನಕ್ಕುಬಿಟ್ಟರು. ನನಗೆ ನಗುವ ಧೈರ್ಯವಿರಲಿಲ್ಲ. ಪರೀಕ್ಷೆ ಸಣ್ಣದೇ, ಆದರೆ ಸೆರಗು ಕಚ್ಚಿ ಹಿಡಿಯುವಷ್ಟು ನೋವಾಯಿತು.

ಪದರ ಬೆಳೆಯುತ್ತಿದೆ, ಆದರೆ ಹೊತ್ತಿಗೆ ಸರಿಯಾಗಿ ಹದಕ್ಕೆ ಬರುತ್ತಿಲ್ಲ ಎಂದು ವರದಿ ಬಂತು. ನನಗೋ ಹಿಡಿಸಲಾರದಷ್ಟು ಖುಷಿ. ಅಲ್ಲಿಯವರೆಗೆ ದೋಷ ನನ್ನ ಜಾತಕದ್ದಾಗಿತ್ತು, ಕಾಲ್ಗುಣದ್ದಾಗಿತ್ತು; ಅವಕ್ಕೆ ಮಾತ್ರೆ ಎಲ್ಲಿ ಸಿಗಬೇಕು? ಇದಕ್ಕೆ ಸಿಕ್ಕಿತು. ಕೆಲವು ತಿಂಗಳು ನುಂಗಿ, ಆಮೇಲೆ ಮುಟ್ಟಾದ ಮೊದಲ ದಿನವೇ ಬಂದುಬಿಡಿ, ಮತ್ತೆ ನೋಡೋಣ ಎಂದರು. ಅದಕ್ಕೂ ಮುಂಚೆ ಕೈ ಹಾಕಿದರೆ, ಒಂದು ವೇಳೆ ಗರ್ಭ ಏನಾದರೂ ನಿಂತಿದ್ದರೆ ಕದಲೀತು ಎಂಬ ಎಚ್ಚರಿಕೆ.

ಆ ಮೊದಲ ದಿನ ಬರಲೇ ಇಲ್ಲ. ಚೀಲ ಬಾಗಿಲ ಹಿಂದೆ ಕೂತಿತ್ತು. ಅತ್ತೆ ಬೆಳಗೆದ್ದು ಕಾಫಿಗಿಂತ ಮೊದಲು "ಆತೇನವ್ವಾ?" ಎನ್ನುವರು. ಗಂಡ ಬಾಯಿಬಿಟ್ಟು ಕೇಳುವವರಲ್ಲ. ಅದೇ ಗುಂಗಿನಲ್ಲಿ ಯಾರದೋ ಮದುವೆ ಪ್ಯಾಂಟನ್ನು ಗಿಡ್ಡ ಕತ್ತರಿಸಿ ಬಂದರು. ಮಾತ್ರೆಯಿಂದ ಮೈಯೇ ಕೆಟ್ಟಿತೇನೋ ಎಂದು ಹೆದರಿ ಕೊನೆಗೆ ಹಾಗೆಯೇ ದಾವಣಗೆರೆಗೆ ಹೊರಟೆವು.

ಡಾಕ್ಟರಮ್ಮ ಒಳಪದರದ ಸುದ್ದಿಯನ್ನೇ ಎತ್ತಲಿಲ್ಲ. ಮೂತ್ರ ಪರೀಕ್ಷೆ ಮಾಡಿಸಿದರು. ಹೊರಗೆ ಬೆಂಚಿನ ಮೇಲೆ ಅತ್ತೆ ನನ್ನ ಕೈಯನ್ನು ಹಿಂಡುತ್ತಾ ಕೂತಿದ್ದರು. ಡಾಕ್ಟರಮ್ಮ ನಮ್ಮನ್ನು ಒಳಗೆ ಕರೆದು, "ಇನ್ನು ಆ ಪರೀಕ್ಷೆ ಬೇಡ. ಪದರ ಹೆಂಗೈತೆ ಅಂತ ನೋಡೋರು ಆಗ್ಲೇ ಒಳಗೆ ಬಂದು ಕೂತಾರೆ" ಎಂದರು.

ನನ್ನ ಗಂಡ ಅರ್ಥವಾಗದೆ ಯಾರು ಎಂದು ಕೇಳಿದರು. ಅತ್ತೆ ಅವರ ಬೆನ್ನಿಗೊಂದು ಗುದ್ದಿದರು.

ಮೂರು ತಿಂಗಳು ತುಂಬುವವರೆಗೆ ಯಾರ ಹತ್ತಿರವೂ ಉಸಿರೆತ್ತಬಾರದು ಎಂದು ಬಸ್ ಸ್ಟ್ಯಾಂಡಿನಲ್ಲಿ ಅತ್ತೆಯಿಂದ ನಮಗೆ ಕಟ್ಟಪ್ಪಣೆಯಾಯಿತು. ಮುಂದೆ ಮಗಳಾಗಿ ಹುಟ್ಟಿದ ಆ ಗುಟ್ಟು ಸಂತೇಬೆನ್ನೂರು ಬರುವಷ್ಟರಲ್ಲಿ ಇಡೀ ಬಸ್ಸಿಗೆ ಗೊತ್ತಾಗಿತ್ತು, ಹೇಳಿದವರು ಅತ್ತೆಯೇ. ನಾನು ತಡೆಯಲಿಲ್ಲ. ಊರವರ ಪ್ರಶ್ನೆಗೆ ಉತ್ತರವಿಲ್ಲದೆ ಎಷ್ಟೋ ವರ್ಷ ಮುಚ್ಚಿಕೊಂಡಿದ್ದ ಬಾಯಿ ಅವರದು. ಸ್ವಲ್ಪ ಮಾತಾಡಿಕೊಳ್ಳಲಿ ಎಂದು, ಯಾರೋ ಎದ್ದು ಬಿಟ್ಟುಕೊಟ್ಟ ಕಿಟಕಿ ಪಕ್ಕದ ಸೀಟಿನಲ್ಲಿ ಗಾಳಿಗೆ ಮುಖವೊಡ್ಡಿ ಕೂತೆ.