ಶಾವಿಗೆ ಹಿಟ್ಟಿನ ತೌಡು

ಯಗಟಿಯಲ್ಲಿ ಓಬಳಪ್ಪನ ಹಿಟ್ಟಿನ ಮಿಲ್ಲನ್ನು ಹದಿನಾಲ್ಕು ವರ್ಷ ನಡೆಸಿದವಳು ತಿಪ್ಪಮ್ಮ. ಓಬಳಪ್ಪ ಹೆಸರಿಗೆ ಮಾಲೀಕ. ಕಲ್ಲಿನ ಸದ್ದು ಕೇಳಿಯೇ ರಾಗಿ ನುಣ್ಣಗಾಯಿತೋ ಇಲ್ಲವೋ ಹೇಳುತ್ತಿದ್ದವಳು ಅವಳು. ಅವಳ ಮೊಣಕೈ ಚರ್ಮ ಒಣಗಿ ತೌಡಿನ ಹಾಗೆ ಉದುರುತ್ತದೆ. ಅಂಟುವ ಕಾಯಿಲೆಯಲ್ಲ ಎಂದು ತರೀಕೆರೆಯ ಡಾಕ್ಟರು ಹೇಳಿದ್ದಾರೆ. ಆದರೂ ಎಂಥ ಸೆಕೆಯಲ್ಲೂ ಸತ್ತ ಗಂಡನ ತುಂಬುತೋಳಿನ ಅಂಗಿ ತೊಟ್ಟು, ಗುಂಡಿ ಹಾಕಿಕೊಂಡೇ ಬೀಸುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ನನ್ನ ಅತ್ತೆ ಮಲ್ಲಿಕಾಂಬ ಶಾವಿಗೆಗೆಂದು ಗೋಧಿ ಬೀಸಿಸಿದರು. ಹಿಂದಿನ ದಿನ ಗೋಧಿಗೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿಟ್ಟವಳು ನಾನು. ಹಾಗೆ ಮಾಡಿದರೆ ಸಿಪ್ಪೆ ಪುಡಿಯಾಗದೆ ಅಗಲವಾಗಿ ಬಿಡುತ್ತದೆ, ಜರಡಿ ಹಿಡಿದರೆ ಮೇಲೆ ಉಳಿಯುತ್ತದೆ. ಆ ಸಲ ನನ್ನ ಕೈಯಲ್ಲಿ ನೀರು ಹೆಚ್ಚಾಗಿ, ಸಿಪ್ಪೆ ದೊಡ್ಡ ದೊಡ್ಡ ಚಕ್ಕೆಯಾಗಿ ಹಿಟ್ಟಿನಲ್ಲಿ ಎದ್ದು ಕಾಣುತ್ತಿತ್ತು.

ಮಿಲ್ಲಿನಲ್ಲೇ ಡಬ್ಬ ತೆಗೆದು ನೋಡಿದ ಅತ್ತೆ ಕೂಗಾಡಿದರು. ಹಿಟ್ಟಿನ ತುಂಬ ತಿಪ್ಪಮ್ಮನ ಚರ್ಮ ಉದುರಿದೆಯಂತೆ. ಸಾಲಿನಲ್ಲಿದ್ದ ಹೆಂಗಸರು ತಮ್ಮ ಡಬ್ಬ ಎತ್ತಿಕೊಂಡು ಹಿಂದೆ ಸರಿದರು. ತಿಪ್ಪಮ್ಮ ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ನೋಡಿ, ನನ್ನ ಕಡೆ ತಿರುಗಿದಳು.

"ಇದು ತೌಡು ಕಣವ್ವ. ಗೋದಿಗೆ ನೀರೆಷ್ಟು ಹಾಕಿದ್ದೆ, ಹೇಳು ಅನಿತಾ."

ಬಸ್ಸಿನಲ್ಲಿ ಚಿಲ್ಲರೆಗಾಗಿ ಕಂಡಕ್ಟರನ ಗ್ರಹಚಾರ ಬಿಡಿಸುವ ನನಗೆ, ಅತ್ತೆ ಬೈಯುತ್ತಾರೆಂದು ಬಾಯೇ ಬರಲಿಲ್ಲ. ಥೂ, ನನ್ನ ಬಾಯಿಗಿಷ್ಟು ಬೆಂಕಿ ಹಾಕ! ಆ ಮಧ್ಯಾಹ್ನವೇ ಓಬಳಪ್ಪ ಅವಳನ್ನು ಕೆಲಸದಿಂದ ಬಿಡಿಸಿದ.

ಮಾರನೆಯ ದಿನ ತಡೆಯಲಾರದೆ ಅವನಿಗೆ ನಿಜ ಹೇಳಿದೆ. ಅವನು ಮುಖ ಕೂಡ ಎತ್ತಲಿಲ್ಲ.

"ನಂಗೊತ್ತು ಕಣಮ್ಮ. ಮಿಲ್ಲು ಇಟ್ಕೊಂಡು ತೌಡು ಗೊತ್ತಾಗಲ್ವಾ? ಆದ್ರೆ ಜನ ಬರ್ಬೇಕಲ್ಲ."

ಮೈಯೆಲ್ಲ ಉರಿಯುತ್ತಾ ಮನೆಗೆ ಬಂದರೆ, ಅಂಗಳದ ಕೋಲುಗಳ ಮೇಲೆ ಶಾವಿಗೆ ಒಣಗುತ್ತಿತ್ತು. ಅದೇ ಹಿಟ್ಟು. ಒಂದು ಹಿಡಿಯನ್ನೂ ಚೆಲ್ಲಿರಲಿಲ್ಲ. ನೀರು ಹೆಚ್ಚು ಹಾಕಿದವಳು ನಾನೇ ಎಂದು ಅತ್ತೆಗೂ ಹೇಳಿದೆ. ತಿಪ್ಪಮ್ಮನ ಚರ್ಮ ಅಂದವರು ಇದನ್ನು ಹೇಗೆ ತಿನ್ನುತ್ತೀರಿ ಎಂದು ಕಿರುಚಿದೆ.

"ಜರಡಿ ಹಿಡ್ದಿದೀನಲ್ಲ," ಎಂದರು ಅತ್ತೆ.

ಊರಿನವರಿಗೆಲ್ಲ ಹೇಳಿದೆ. ಎಲ್ಲರೂ ಹೂಂಗುಟ್ಟಿದರು, ಯಾರೂ ಅವಳನ್ನು ವಾಪಸ್ಸು ಕರೆಯಲಿಲ್ಲ.

ತಿಪ್ಪಮ್ಮ ಈಗ ಕುರಿ ಮೇಯಿಸುತ್ತಾಳೆ. ಬಯಲಿನಲ್ಲಿ ನೋಡುವವರಿಲ್ಲ, ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡೇ ಇರುತ್ತಾಳೆ. ನಾನು ಹಾದುಹೋಗುವುದು ಕಂಡರೆ ಮಾತ್ರ ಅದನ್ನು ಕೆಳಗಿಳಿಸಿ ಗುಂಡಿ ಹಾಕಿಕೊಳ್ಳುತ್ತಾಳೆ.